ಎರಡನೆಯ ವಾಹನ ಮತ್ತು ಪರಿಗ್ರಹ ಪರಿಮಾಣ

ಗೃಹಸ್ಥನ ಐದನೆಯ ಅಣುವ್ರತವು ವಸ್ತುಗಳ ಸಂಪೂರ್ಣ ತ್ಯಾಗವನ್ನು ಕೇಳುವುದಿಲ್ಲ. ಅವುಗಳ ಮಿತಿಯನ್ನು ಕೇಳುತ್ತದೆ. ಮುನಿಗಳಿಗೆ ಪಾದವಿಹಾರವೇ ಗತಿ. ಶ್ರಾವಕನು ನಿತ್ಯ ಸ್ಮರಿಸಬೇಕಾದ ಹದಿನೇಳು ನಿಯಮಗಳಲ್ಲಿ ಮಾತ್ರ ವಾಹನಕ್ಕೂ ಒಂದು ಸ್ಥಾನವಿದೆ.

ಶಿಗ್ಗಾವಿಯ ಒಂದು ವ್ಯಾಪಾರಿ ಕುಟುಂಬವನ್ನು ಕಲ್ಪಿಸಿಕೊಳ್ಳೋಣ. ಮಗನ ಬಳಿ 373 ಸಿ.ಸಿ.ಯ ಡೊಮಿನಾರ್ ಇದೆ. ಹೆದ್ದಾರಿಯಲ್ಲಿ ಹುಬ್ಬಳ್ಳಿ, ಬೆಳಗಾವಿ, ಪುಣೆಗಳವರೆಗೆ ದಣಿವಿಲ್ಲದೆ ಸಾಗುವ ಗಾಡಿ ಅದು. ಆದರೆ ತೂಕ 180 ಕಿಲೋ ದಾಟುತ್ತದೆ. ಮಳೆಗಾಲದಲ್ಲಿ ಹಾನಗಲ್ಲಿನ ಗದ್ದೆಬದಿಯ ದಾರಿಯಲ್ಲಿ ಅದು ಹೂತುಕೊಳ್ಳುತ್ತದೆ; ಸವಣೂರಿನ ಸಂತೆಯ ಇಕ್ಕಟ್ಟಿನಲ್ಲಿ ತಿರುಗಿಸುವುದೇ ಕಷ್ಟ; ಹಿರೇಕೆರೂರಿನಿಂದ ಒಂದು ಚೀಲ ಬೀಜ ತರಬೇಕೆಂದರೆ ಕಟ್ಟಲು ಸ್ಥಳವಿಲ್ಲ. ಆದುದರಿಂದ ಅವನು ಎರಡನೆಯದೊಂದನ್ನು ಕೊಳ್ಳಬಯಸುತ್ತಾನೆ. ಇದು ಅಗತ್ಯವೋ, ಲೋಭವೋ?

ಇದೇ ತಾಲೂಕಿನ ಬಂಕಾಪುರದಲ್ಲಿ ಗಂಗರ ಮಾರಸಿಂಹನು ಸುಮಾರು 974ರಲ್ಲಿ ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಸಲ್ಲೇಖನದಿಂದ ದೇಹತ್ಯಾಗ ಮಾಡಿದನು. ರಾಜ್ಯವನ್ನೇ ಬಿಟ್ಟವನ ನೆಲದಲ್ಲಿ ಬೈಕಿನ ಚರ್ಚೆ ಅಲ್ಪವೆನಿಸಬಹುದು. ಆದರೆ ಅಣುವ್ರತಗಳು ಇರುವುದೇ ಇಂಥ ಅಲ್ಪ ವಿಷಯಗಳಿಗಾಗಿ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತಾರೆ. ಅವುಗಳಲ್ಲಿ ಮೊದಲನೆಯದೇ ಅತಿವಾಹನ: ಲಾಭದ ಆಸೆಯಿಂದ ಎತ್ತು ಕುದುರೆಗಳನ್ನು ಶಕ್ತಿಮೀರಿ ನಡೆಸುವುದು. ಕೊನೆಯದು ಅತಿಭಾರವಹನ. ಯಂತ್ರಕ್ಕೆ ನೋವಿಲ್ಲವೆಂಬುದು ನಿಜ. ಆದರೆ ಅದು ಕುಡಿಯುವ ಪೆಟ್ರೋಲಿಗೂ, ಮಳೆಗಾಲದ ರಾತ್ರಿ ಅದರ ದೀಪಕ್ಕೆ ಬಂದು ಬೀಳುವ ಹುಳುಗಳಿಗೂ ಲೆಕ್ಕವಿದೆ. ಹೊಲಕ್ಕೆ ಹೋಗಿಬರಲು ಹಗುರವಾದ 100 ಸಿ.ಸಿ. ಗಾಡಿಯನ್ನು ಬಳಸಿದರೆ ದೊಡ್ಡ ಗಾಡಿ ಸುಡುವ ಇಂಧನದ ಸುಮಾರು ಅರ್ಧ ಸಾಕು. ಹಾಗಾದರೆ ಎಲ್ಲಕ್ಕೂ ಒಂದನ್ನೇ ಓಡಿಸುವ ಮನೆಗಿಂತ ಎರಡಿರುವ ಮನೆಯಲ್ಲಿ ಹಿಂಸೆ ಕಡಿಮೆಯಾಗಲೂಬಹುದು. ಸಂಖ್ಯೆಯನ್ನಷ್ಟೇ ನೋಡಿ ತೀರ್ಪು ಕೊಡುವ ಹಿರಿಯರು ಇದನ್ನು ಗಮನಿಸಬೇಕು.

ಇಷ್ಟು ಒಪ್ಪಿದ ಮೇಲೆ ತೊಡಕಿನ ಭಾಗ ಬರುತ್ತದೆ. ತತ್ತ್ವಾರ್ಥಸೂತ್ರವು ಪರಿಗ್ರಹವನ್ನು ಮೂರ್ಛೆಯೆಂದು, ಎಂದರೆ ಮಮಕಾರವೆಂದು ಅರ್ಥೈಸುತ್ತದೆ. ಯುವಕನು ಅಂಗಡಿಗೆ ಹೋದಾಗ ಅವನ ಕಣ್ಣು ಹಗುರ ಗಾಡಿಯ ಮೇಲೆ ನಿಲ್ಲದೆ ಹಿಮಾಲಯನ್ನಿನ ಮೇಲೆ ನಿಂತರೆ, ಅದು ಮೊದಲನೆಯದರ ಕೊರತೆಯನ್ನು ತುಂಬುವುದೇ? ಅದೂ ದೂರ ಪ್ರಯಾಣದ್ದೇ, ಅದೂ ಭಾರವಾದದ್ದೇ. ಗೆಳೆಯರ ಗಾಡಿಗಳನ್ನು ಕಂಡು ಬೆರಗಾದ ಮನಸ್ಸು ಅಲ್ಲಿ ಅಗತ್ಯದ ಹೆಸರಿನಲ್ಲಿ ಮಾತಾಡುತ್ತದೆ. ಮಿತಿಯನ್ನು ಕೊಳ್ಳುವ ಮುಂಚೆಯೇ ನಿಶ್ಚಯಿಸಬೇಕು. ಕೊಂಡ ಮೇಲೆ ಎರಡೆಂದು ಸಂಕಲ್ಪ ಮಾಡುವವನು ವ್ರತ ಹಿಡಿದಿಲ್ಲ, ದಾಸ್ತಾನು ಎಣಿಸಿದ್ದಾನೆ.

ಇನ್ನೊಂದು ಜಾಣತನವೂ ಉಂಟು. ಎರಡು ಮನೆಗಳ ನಡುವಿನ ಗೋಡೆಯನ್ನು ಕೆಡವಿ ಒಂದೇ ಮನೆಯೆಂದು ಎಣಿಸುವುದನ್ನು ಹಿಂದಿನ ಗ್ರಂಥಕಾರರು ಅತಿಚಾರವೆಂದೇ ಗುರುತಿಸಿದ್ದಾರೆ. ಎರಡನೆಯ ಗಾಡಿಯನ್ನು ತಾಯಿಯ ಹೆಸರಿನಲ್ಲಿ ನೋಂದಾಯಿಸಿ ತನ್ನ ಲೆಕ್ಕವನ್ನು ಒಂದಕ್ಕೇ ನಿಲ್ಲಿಸುವುದು ಅದಕ್ಕಿಂತ ಬೇರೆಯಲ್ಲ.

ಅಲ್ಲದೆ ಇಂಥ ಮನೆಗಳ ಹಿತ್ತಿಲಲ್ಲಿ ತಂದೆಯ ಹಳೆಯ ಸ್ಪ್ಲೆಂಡರ್ ನಿಂತಿರುವುದುಂಟು. ಸೀಟು ಹರಿದಿದೆ, ಸರಪಳಿ ಸಡಿಲವಾಗಿದೆ. ಎಂಜಿನ್ ಮಾತ್ರ ಗಟ್ಟಿ. ಅದನ್ನು ದುರಸ್ತಿ ಮಾಡಿಸಲು ಬೇಕಾದ ಹಣ ಹೊಸದರ ಬೆಲೆಯ ಸಣ್ಣ ಅಂಶ. ಯುವಕನಿಗೆ ಅದು ನೆನಪಾಗದಿರುವುದು ಮರೆವಿನಿಂದಲ್ಲ, ಸವಣೂರಿನ ಪೇಟೆಯಲ್ಲಿ ಅದರ ಮೇಲೆ ಕುಳಿತು ಹೋಗಲು ನಾಚಿಕೆಯಿಂದ.

ಅದನ್ನೇ ಸರಿಪಡಿಸಿ ಕೀಲಿಯನ್ನು ಬಾಗಿಲ ಬಳಿಯ ಮೊಳೆಗೆ ತೂಗುಹಾಕಿದರೆ ತಮ್ಮನೂ ಒಯ್ಯಬಹುದು, ಅಂಗಡಿಯ ಆಳೂ ಒಯ್ಯಬಹುದು. ಡೊಮಿನಾರಿನ ಕೀಲಿಯನ್ನೂ ಅದೇ ಮೊಳೆಗೆ ಹಾಕಲು ಅವನು ಒಪ್ಪುವನೇ ಎಂದು ಮನೆಯವರು ಒಮ್ಮೆ ಕೇಳಿ ನೋಡಬೇಕು.