ತುಕ್ಕಿನ ಮೇಲೆ ಬಣ್ಣ ಬಳಿದರೆ ಸಾಕೇ?



ನಮ್ಮ ಎಣ್ಮಕಜೆಯಂತಹ ಗುಡ್ಡದ ಊರಿನವರಿಗೆ ಜೀಪಿನ ಬೆಲೆಯನ್ನು ಹೇಳಿಕೊಡಬೇಕಾಗಿಲ್ಲ. ಮಹೀಂದ್ರದವರು 1940ರ ದಶಕದ ಕೊನೆಯಲ್ಲಿ ವಿಲ್ಲಿಸ್ ಜೀಪುಗಳನ್ನು ಈ ದೇಶದಲ್ಲಿ ಜೋಡಿಸತೊಡಗಿದರು. ಏರು, ಕೆಸರು, ತೋಡು ಯಾವುದಕ್ಕೂ ಅಂಜದ ಆ ವಾಹನ ಅಡಿಕೆ ಮೂಟೆಯನ್ನೂ ಹೊತ್ತಿತು, ರೋಗಿಯನ್ನೂ ಹೊತ್ತಿತು. ಇಂದು ಅಂತಹ ಹಳೆಯ ಜೀಪನ್ನು ಹಿರಿಯರ ನೆನಪೆಂದು ಉಳಿಸಿಕೊಳ್ಳುವವರಿದ್ದಾರೆ, ಮೋಹದಿಂದ ಕೊಳ್ಳುವವರೂ ಇದ್ದಾರೆ. ಇಬ್ಬರಿಗೂ ಶತ್ರು ಒಂದೇ: ತುಕ್ಕು.

ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಜಿಲ್ಲೆ ನಮ್ಮದು. ಕಬ್ಬಿಣ, ನೀರು, ಗಾಳಿ ಸೇರಿದಲ್ಲಿ ತುಕ್ಕು ಹುಟ್ಟುತ್ತದೆ. ನಮ್ಮ ಮುರಕಲ್ಲಿನ ಕೆಂಪು ಕೂಡ ಕಬ್ಬಿಣದ ಆಕ್ಸೈಡಿನ ಬಣ್ಣವೇ. ಕಲ್ಲಿನಲ್ಲಿ ಅದು ಗೋಡೆಯಾಗಿ ನಿಲ್ಲುತ್ತದೆ. ವಾಹನದಲ್ಲಿ ಅದು ತಿನ್ನುತ್ತದೆ. ಅಲ್ಯೂಮಿನಿಯಂ ಮೇಲಿನ ಪೊರೆ ಒಳಗಿನ ಲೋಹವನ್ನು ಕಾಯುತ್ತದೆ. ತುಕ್ಕು ಹಾಗಲ್ಲ, ಅದು ಪದರ ಪದರವಾಗಿ ಏಳುತ್ತಾ ನೀರಿಗೆ ಮತ್ತಷ್ಟು ದಾರಿ ಬಿಡುತ್ತದೆ. ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಬಣ್ಣದಡಿಯಲ್ಲಿ ಗುಳ್ಳೆ ಏಳುತ್ತದೆ. ಜೀಪಿನ ಎಲ್ಲ ಭಾರವನ್ನು ಹೊರುವುದು ಚಾಸಿ: ಉದ್ದಕ್ಕೆ ಎರಡು ತೊಲೆ, ನಡುವೆ ಅಡ್ಡಪಟ್ಟಿಗಳು. ಕೆಸರು ಕೂರುವ ಮೂಲೆಗಳಲ್ಲಿ, ಪೆಟ್ಟಿಗೆಯಂತೆ ಮುಚ್ಚಿದ ಭಾಗಗಳಲ್ಲಿ ಅದು ಒಳಗಿನಿಂದಲೇ ಸವೆಯುತ್ತದೆ. ಹೊರಗೆ ನೋಡಿದರೆ ನೆಟ್ಟಗಿರುತ್ತದೆ. ಸುತ್ತಿಗೆಯಿಂದ ತಟ್ಟಿದರೆ ಠಣ್ ಎನ್ನಬೇಕಾದುದು ಡಬ್ ಎನ್ನುತ್ತದೆ.

ಆಗ ಎರಡು ದಾರಿ. ಒಂದು, ತೂತಿಗೆ ಪುಟ್ಟಿ ತುಂಬಿ, ತಿಕ್ಕಿ, ಕಪ್ಪು ಬಣ್ಣ ಹೊಡೆಯುವುದು. ಒಂದೆರಡು ದಿನದ ಕೆಲಸ, ಸ್ವಲ್ಪವೇ ಖರ್ಚು. ಇನ್ನೊಂದು, ಗಟ್ಟಿ ಲೋಹ ಸಿಗುವವರೆಗೆ ಕತ್ತರಿಸಿ ತೆಗೆದು, ಅಷ್ಟೇ ದಪ್ಪದ ಉಕ್ಕಿನ ತುಂಡನ್ನು ವೆಲ್ಡ್ ಮಾಡುವುದು. ಅದಕ್ಕೆ ಮೇಲಿನ ಬಾಡಿಯನ್ನೇ ಬಿಚ್ಚಬೇಕಾಗಬಹುದು. ಮೊದಲನೆಯದು ತಪ್ಪೇ? ನಾನು ಯೋಚಿಸುತ್ತಿರುವುದು ಇದನ್ನೇ.

ತಪ್ಪಲ್ಲ ಎನ್ನುವವರ ವಾದವನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಬಣ್ಣ ಬಳಿಯದ ವಸ್ತು ಯಾವುದಿದೆ? ಐವತ್ತು ವರ್ಷದ ಜೀಪಿಗೆ ತುಕ್ಕು ಇರುತ್ತದೆಂದು ಕೊಳ್ಳುವವನಿಗೆ ಗೊತ್ತಿಲ್ಲವೇ? ಕೇಳದೆ ಇದ್ದುದನ್ನು ನಾನೇಕೆ ಹೇಳಲಿ? ಇದರಲ್ಲಿ ಅರ್ಧ ಸತ್ಯವಿದೆ. ಮಡ್‌ಗಾರ್ಡಿನ ಮೇಲಿನ ಪುಟ್ಟಿಯಿಂದ ಯಾರಿಗೂ ಅಪಾಯವಿಲ್ಲ, ಅದು ಅಂದದ ಮಾತು. ಆದರೆ ಚಾಸಿಯ ಮೇಲೆ ಒಬ್ಬರು ತಮ್ಮ ಜೀವವನ್ನೇ ಇಟ್ಟು ಕೂತಿರುತ್ತಾರೆ. ಸ್ಪ್ರಿಂಗ್ ಪ್ಲೇಟನ್ನು ಹಿಡಿದಿರುವ ಜಾಗ ತುಂಬಿದ ಗಾಡಿಯಲ್ಲಿ, ಇಳಿಜಾರಿನಲ್ಲಿ ಕಳಚಿದರೆ ಪುಟ್ಟಿ ತಡೆಯುವುದಿಲ್ಲ. ಆದ್ದರಿಂದ ಕೇಳಬೇಕಾದ ಪ್ರಶ್ನೆ ‘ಬಣ್ಣ ಬಳಿದೆನೇ?’ ಎಂದಲ್ಲ, ‘ನಾನು ಮುಚ್ಚಿದ ಜಾಗದ ಮೇಲೆ ಬೇರೆಯವರು ಭಾರ ಹಾಕುತ್ತಾರೆಯೇ?’ ಎಂದು. ಹಾಕುವುದಾದರೆ ಮೌನವೂ ಸುಳ್ಳೇ.

ಬಡವನೊಬ್ಬ ಕೇಳಬಹುದು: ಕತ್ತರಿಸಿ ಕೂಡಿಸಲು ದುಡ್ಡೆಲ್ಲಿದೆ? ಮಾರಲು ಹೊರಟು ನಿಜ ಹೇಳಿದರೆ ಸಿಗುವ ಬೆಲೆಯೂ ಇಳಿಯುತ್ತದೆ. ಈ ಪ್ರಶ್ನೆಗೆ ಉತ್ತರ ವರ್ಕ್‌ಶಾಪಿನಲ್ಲೇ ಇದೆ. ಚಾಸಿಯನ್ನು ಕತ್ತರಿಸುವ ಮೊದಲು ಅನುಭವಿ ಕೆಲಸಗಾರ ಅದಕ್ಕೆ ಆಧಾರ ಕೊಡುತ್ತಾನೆ, ಮೂಲೆಯಿಂದ ಮೂಲೆಗೆ ಅಳತೆ ಹಿಡಿಯುತ್ತಾನೆ, ಬಿಸಿಗೆ ಲೋಹ ಸೊಟ್ಟಗಾಗದಂತೆ ಸ್ವಲ್ಪ ಸ್ವಲ್ಪವಾಗಿ ವೆಲ್ಡ್ ಮಾಡುತ್ತಾನೆ. ಆಧಾರ ಕೊಡದೆ ಕತ್ತರಿಸಿದರೆ ತುಕ್ಕಿನ ಜತೆ ಗಾಡಿಯೂ ಹೋಯಿತು. ಮನುಷ್ಯರ ವಿಷಯದಲ್ಲೂ ಇಷ್ಟೇ: ಸತ್ಯ ಹೇಳು ಎಂದು ಒತ್ತಾಯಿಸುವವರು, ಸತ್ಯ ಹೇಳಿದವನು ಕುಸಿಯದಂತೆ ಹೆಗಲು ಕೊಡಲೂ ತಯಾರಿರಬೇಕು. ಕೊಳ್ಳುವವನು ಬೆಲೆಯನ್ನು ನೆಲಕ್ಕೆ ಇಳಿಸಿ ಅವನ ಪ್ರಾಮಾಣಿಕತೆಯ ಲಾಭ ಪಡೆದರೆ, ಮುಂದಿನವನು ಪುಟ್ಟಿಯನ್ನೇ ಹುಡುಕುತ್ತಾನೆ.

ವಾಹನವನ್ನು ಮನುಷ್ಯರ ನೋವಿಗೆ ಸರಿದೂಗಿಸುವುದು ಸಲ್ಲ. ಆದರೂ ಈ ಊರಿನಲ್ಲಿ ಕೂತು ಮುಚ್ಚಿಟ್ಟ ಹಾನಿಯ ಬಗ್ಗೆ ಬರೆಯುವಾಗ ಎಂಡೋಸಲ್ಫಾನ್ ನೆನಪಾಗದೆ ಇರದು. ಸರಕಾರಿ ಗೇರುತೋಟಗಳ ಮೇಲೆ 2000ದವರೆಗೆ ಎರಡು ದಶಕ ಆಕಾಶದಿಂದ ವಿಷ ಸುರಿಯಿತು. ಸುಪ್ರೀಂ ಕೋರ್ಟಿನ ತಡೆ ದೇಶಕ್ಕೆಲ್ಲ ಬಂದುದು 2011ರಲ್ಲಿ; ಸಂತ್ರಸ್ತರಿಗೆ 5 ಲಕ್ಷ ರೂಪಾಯಿ ಕೊಡಬೇಕೆಂದು ಅದೇ ಕೋರ್ಟು ಹೇಳಿದ್ದು 2017ರಲ್ಲಿ. ಹಾನಿಯಾಗಿದೆ ಎಂದು ಒಪ್ಪಿಕೊಳ್ಳುವುದು ತಡವಾದಷ್ಟೂ ಅದರ ಭಾರ ಹೊತ್ತವರು ಮಕ್ಕಳು ಮತ್ತು ತಾಯಂದಿರು. ಮೇಲೆ ಬಣ್ಣ ನೆಟ್ಟಗಿದೆ ಎಂಬ ಸಮಾಧಾನದ ಬೆಲೆ ಏನೆಂದು ನಮಗೆ ತಿಳಿದಿದೆ.

ಹಳೆಯ ಬಟ್ಟೆಗೆ ಹೊಸ ತೇಪೆ ಹಾಕಬಾರದೆಂಬ ಶುಭಸಂದೇಶದ ಮಾತು ಇಲ್ಲಿ ಅಕ್ಷರಶಃ ನಿಜ. ಸವೆದ ತಗಡಿಗೆ ಹೊಸ ಉಕ್ಕನ್ನು ಅಂಟಿಸಿದರೆ ಅಂಚಿನಲ್ಲೇ ತೂತು ಬೀಳುತ್ತದೆ. ಹಾಗಾಗಿ ಕಣ್ಣಿಗೆ ಒಳ್ಳೆಯದೆಂದು ಕಾಣುವ ಭಾಗವನ್ನೂ ಸ್ವಲ್ಪ ಕಳೆದುಕೊಳ್ಳಲೇಬೇಕು.

ಹೀಗೆ ಕಳೆಯುತ್ತಾ ಹೋದರೆ ಅಜ್ಜನ ಜೀಪು ಅಜ್ಜನದೇ ಆಗಿ ಉಳಿಯುತ್ತದೆಯೇ? ಹಲಗೆಗಳನ್ನೆಲ್ಲ ಒಂದೊಂದಾಗಿ ಬದಲಿಸಿದ ಥೀಸಿಯಸ್‌ನ ಹಡಗಿನ ಬಗ್ಗೆ ಗ್ರೀಕರೂ ಇದನ್ನೇ ಕೇಳಿದ್ದರು. ಕಾನೂನು ಚಾಸಿ ನಂಬರನ್ನು ನೋಡುತ್ತದೆ. 2021ರ ನಿಯಮದಂತೆ 50 ವರ್ಷ ದಾಟಿದ ವಾಹನಕ್ಕೆ ‘ವಿಂಟೇಜ್’ ನೋಂದಣಿಯೂ ಉಂಟು. ನನಗೆ ತೋರುವುದು ಇಷ್ಟು: ಹೆಂಚು, ಪಕ್ಕಾಸು ಬದಲಿಸಿದರೂ ಮನೆ ಅದೇ, ಏಕೆಂದರೆ ಅಲ್ಲಿ ಬಾಳುವವರು ಅದನ್ನು ಬಿಡದೆ ನೋಡಿಕೊಂಡರು. ತುಕ್ಕು ತಿಂದ ತೊಲೆಯನ್ನು ಮುಟ್ಟದೆ ಇಟ್ಟುಕೊಳ್ಳುವುದೇ ಹಿರಿಯರಿಗೆ ಗೌರವವಲ್ಲ. ಏನನ್ನು ಬದಲಿಸಿದೆವು ಎಂದು ಒಂದು ಪುಸ್ತಕದಲ್ಲಿ ಬರೆದಿಟ್ಟರೆ ಮಕ್ಕಳಿಗೂ, ಮುಂದೆ ಕೊಳ್ಳುವವರಿಗೂ ಮೋಸವಾಗುವುದಿಲ್ಲ.

ಕೊನೆಗೊಂದು ಸೂಚನೆ. ದುರಸ್ತಿಯಾದ ಚಾಸಿಯನ್ನು ಪೂರ್ತಿ ಮುಚ್ಚಬಾರದು. ಒಳ ಸೇರಿದ ನೀರು ಇಳಿದುಹೋಗಲು ಅಡಿಯಲ್ಲಿ ತೂತು ಬಿಡಬೇಕು, ಅದು ಕಟ್ಟಿಕೊಳ್ಳದಂತೆ ನೋಡಬೇಕು. ಈ ಮಳೆಗಾಲ ಮುಗಿದ ಮೇಲೆ ಗಾಡಿಯ ಅಡಿಗೆ ಒಮ್ಮೆ ಬಗ್ಗಿ, ಕೆಸರು ತೊಳೆದು, ಸುತ್ತಿಗೆಯಿಂದ ತಟ್ಟಿ ಕೇಳಿರಿ.