ಒಂದೇ ಒಲೆಯ ಹಲವು ಊಟ

‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎಂಬ ಗಾದೆ ಹೆಚ್ಚಾಗಿ ಕಿವಿಗೆ ಬೀಳುವುದು ಯಾರಾದರೂ ಮೂರನೆಯ ಹೋಳಿಗೆಗೆ ಕೈ ಚಾಚಿದಾಗ. ನನಗೆ ಬೇಕಾದ್ದು ನಾನು ತಿನ್ನುತ್ತೇನೆ, ಕೇಳುವುದಕ್ಕೆ ನೀವು ಯಾರು ಎಂಬ ಧಾಟಿಯಲ್ಲಿ ಅದನ್ನು ಎಸೆದುಬಿಡುತ್ತೇವೆ. ಗಾದೆ ಅಷ್ಟು ಹಗುರವಾದದ್ದಲ್ಲ. ಉಟ್ಟ ಬಟ್ಟೆಯನ್ನು ನೋಡುವವರು ಹೊರಗಿನವರು, ಆದ್ದರಿಂದ ಅಲ್ಲಿ ಅವರ ಕಣ್ಣಿಗೆ ಬೆಲೆಯುಂಟು. ಉಂಡ ಅನ್ನ ಇಳಿಯುವುದು ಮಾತ್ರ ಉಂಡವರ ಹೊಟ್ಟೆಗೆ. ಅದು ಅರಗಿತೋ, ಉರಿಯಿತೋ, ಮೈಗೆ ಹತ್ತಿತೋ ಎಂಬುದಕ್ಕೆ ಆ ದೇಹವೇ ಸಾಕ್ಷಿ. ಒಬ್ಬರ ಊಟವನ್ನು ಇನ್ನೊಬ್ಬರ ಅಳತೆಯಲ್ಲಿ ಅಳೆಯಬೇಡಿ ಎಂಬುದೇ ಈ ಗಾದೆಯ ತಿರುಳೆಂದು ನಾನು ನಂಬಿದ್ದೇನೆ.

ಆದರೆ ಗಾದೆ ಮಾತಾಡುವುದು ಒಬ್ಬರ ಬಗ್ಗೆ. ಮನೆಯಲ್ಲಿ ಪಥ್ಯದವರೇ ಐದು ಜನ. ಅಪ್ಪನಿಗೆ ಸಕ್ಕರೆ ಕಾಯಿಲೆ, ಅಜ್ಜಿಗೆ ಕಿಡ್ನಿಯ ತೊಂದರೆ, ಮಗನಿಗೆ ಬಿ.ಪಿ., ಸೊಸೆ ಬಸುರಿ, ಚಿಕ್ಕವನಿಗೆ ಹಾಲು ಒಗ್ಗದು. ಇದು ಅಪರೂಪದ ಸಂಸಾರವಲ್ಲ. 2023ರಲ್ಲಿ ಪ್ರಕಟವಾದ ಐಸಿಎಂಆರ್‌–ಇಂಡಿಯಾಬ್ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆಯಿದೆ. ವಯಸ್ಕರಲ್ಲಿ ಶೇ 35.5 ಮಂದಿಗೆ ಅಧಿಕ ರಕ್ತದೊತ್ತಡವಿದೆ. ಹಾಗಾದರೆ ಐವರ ‘ತನ್ನಿಚ್ಛೆ’ಯನ್ನು ಒಂದು ಅಡುಗೆಮನೆ ನಡೆಸುವುದು ಹೇಗೆ? ಕೆಲವು ಮನೆಗಳಲ್ಲಿ ಎಲ್ಲರೂ ರೋಗಿಯ ಸಪ್ಪೆ ಊಟಕ್ಕೆ ಇಳಿಯುತ್ತಾರೆ, ತಿಂಗಳೊಳಗೆ ಬೇಸತ್ತು ಬಿಡುತ್ತಾರೆ. ಇನ್ನು ಕೆಲವು ಮನೆಗಳಲ್ಲಿ ಐದು ಪಾತ್ರೆ ಒಲೆಯೇರುತ್ತವೆ, ಅಡುಗೆ ಮಾಡುವವರ ಬೆನ್ನು ಮುರಿಯುತ್ತದೆ. ಇವೆರಡೂ ಬೇಡ. ಅಡುಗೆ ಒಂದೇ ಇರಲಿ. ಯಾವ ಹಂತದಲ್ಲಿ ಯಾರ ಪಾಲನ್ನು ತೆಗೆದಿಡಬೇಕು ಎಂಬುದು ಗೊತ್ತಿರಲಿ. ಜಾಣ್ಮೆಯೆಲ್ಲ ಇರುವುದು ಅಲ್ಲಿಯೇ.

ಇದು ನಮಗೆ ಹೊಸ ವಿದ್ಯೆಯೂ ಅಲ್ಲ. ಚಾತುರ್ಮಾಸ್ಯ ನಡೆಸುವ ಮಾಧ್ವರ ಮನೆಗಳಲ್ಲಿ ಮೊದಲ ತಿಂಗಳು ತರಕಾರಿ ಇಲ್ಲ, ಎರಡನೆಯ ತಿಂಗಳು ಮೊಸರಿಲ್ಲ, ಮೂರರಲ್ಲಿ ಹಾಲಿಲ್ಲ, ನಾಲ್ಕರಲ್ಲಿ ಬೇಳೆಕಾಳಿಲ್ಲ. ಜೈನರ ಮನೆಗಳಲ್ಲಿ ಗೆಡ್ಡೆಗೆಣಸು ಒಳಗೆ ಬರುವುದಿಲ್ಲ. ಆದರೂ ಆ ಮನೆಗಳ ಊಟ ಸಪ್ಪೆಯಲ್ಲ. ಬಾಣಂತಿಗೆ ಮೆಣಸಿನ ಸಾರು, ಜ್ವರದವರಿಗೆ ಗಂಜಿ, ಅದೇ ಹೊತ್ತಿಗೆ ಗದ್ದೆಯಿಂದ ಬಂದವರಿಗೆ ಖಾರದ ಹುಳಿ: ಇಷ್ಟನ್ನೂ ಒಂದೇ ಒಲೆ ನಡೆಸಿಕೊಂಡು ಬಂದಿದೆ. ವ್ರತಕ್ಕಾಗಿ ಇದ್ದ ಈ ಶಿಸ್ತನ್ನು ದೇಹಕ್ಕಾಗಿ ತಿರುಗಿಸಿಕೊಳ್ಳುವುದಷ್ಟೇ ಬಾಕಿ.

ಮೊದಲು ಉಪ್ಪಿನ ಮಾತು. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಎನ್ನುತ್ತದೆ, ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ. ನಿಮ್ಮ ಮನೆಯ ಲೆಕ್ಕ ತಿಳಿಯುವುದು ಸುಲಭ. ನಾಲ್ಕು ಜನರ ಮನೆಗೆ ತಿಂಗಳಿಗೆ 600 ಗ್ರಾಂ ಮಿತಿ. ಒಂದು ಕಿಲೋ ಪೊಟ್ಟಣ ತಿಂಗಳಲ್ಲಿ ಖಾಲಿಯಾದರೆ ತಲೆಗೆ ದಿನಕ್ಕೆ 8 ಗ್ರಾಂ ಮೀರಿತು. ಅಂಗಡಿಯ ಉಪ್ಪಿನಕಾಯಿ, ಹಪ್ಪಳ, ಕುರುಕಲು ತಿಂಡಿಗಳ ಉಪ್ಪು ಇದರಲ್ಲಿ ಸೇರಿಲ್ಲ. ಹಾಗಾಗಿ ಬೇಳೆಗೆ, ತರಕಾರಿಗೆ ಬೇಯುವಾಗಲೇ ಉಪ್ಪು ಸುರಿಯುವ ರೂಢಿ ಬಿಡಬೇಕು. ಸಾರು ಕುದಿದ ಮೇಲೆ, ಉಪ್ಪು ಬೀಳುವ ಮುಂಚೆ, ಕಡಿಮೆ ಉಪ್ಪಿನವರ ಪಾಲನ್ನು ಬೇರೆ ಬಟ್ಟಲಿಗೆ ಬಗ್ಗಿಸಿಡಿ. ಅದಕ್ಕೆ ನಾಲ್ಕು ಹನಿ ನಿಂಬೆಹಣ್ಣು, ಹುರಿದು ಕುಟ್ಟಿದ ಜೀರಿಗೆ ಮೆಣಸು, ಕರಿಬೇವಿನ ಒಗ್ಗರಣೆ ಬಿದ್ದರೆ ನಾಲಿಗೆ ಅಷ್ಟಾಗಿ ಗೊಣಗುವುದಿಲ್ಲ.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ಬಿ.ಪಿ. ಇರುವ ಮಗನಿಗೆಂದು ‘ಲೋ ಸೋಡಿಯಂ’ ಉಪ್ಪನ್ನು ತಂದು ಎಲ್ಲರ ಸಾರಿಗೂ ಹಾಕುವ ಮನೆಗಳಿವೆ. ಆ ಉಪ್ಪಿನಲ್ಲಿ ಸೋಡಿಯಂ ಜಾಗಕ್ಕೆ ಬರುವುದು ಬಹುಮಟ್ಟಿಗೆ ಪೊಟ್ಯಾಸಿಯಂ. ಕಿಡ್ನಿ ಸೋತವರ ದೇಹ ಅದನ್ನು ಹೊರಹಾಕಲಾರದು. ರಕ್ತದಲ್ಲಿ ಅದು ಏರಿದರೆ ಹೃದಯದ ಬಡಿತವೇ ತಪ್ಪಬಹುದು. ಮಗನಿಗೆ ಒಳ್ಳೆಯದಾದದ್ದು ಅಜ್ಜಿಗೆ ಅಪಾಯ. ಗಾದೆಯ ಮಾತು ಇಷ್ಟು ಅಕ್ಷರಶಃ ನಿಜವಾಗುವ ಜಾಗ ಇನ್ನೊಂದಿಲ್ಲ. ಕೆಲವು ಬಿ.ಪಿ. ಮಾತ್ರೆಗಳೂ ಪೊಟ್ಯಾಸಿಯಂ ಏರಿಸುತ್ತವೆ, ಆದ್ದರಿಂದ ಆ ಪೊಟ್ಟಣ ಮನೆಗೆ ಬರುವ ಮುಂಚೆ ವೈದ್ಯರನ್ನು ಕೇಳುವುದು ಒಳ್ಳೆಯದು. ಆರೋಗ್ಯಕ್ಕೆಂದು ಕುಡಿಸುವ ಎಳನೀರಿಗೂ ಇದೇ ಮಾತು.

ಹಳೇ ಮೈಸೂರು ಸೀಮೆಯ ಬಸ್ಸಾರನ್ನು ನೆನೆದರೆ ನನಗೆ ಬಹಳ ಗೌರವ ಹುಟ್ಟುತ್ತದೆ. ಸೊಪ್ಪು, ಕಾಳನ್ನು ಧಾರಾಳ ನೀರಿನಲ್ಲಿ ಬೇಯಿಸಿ ಬಸಿಯುತ್ತಾರೆ. ಬಸಿದ ಕಟ್ಟಿಗೆ ಖಾರ ರುಬ್ಬಿ ಹಾಕಿದರೆ ಸಾರು, ಉಳಿದದ್ದಕ್ಕೆ ಒಗ್ಗರಣೆ ಕೊಟ್ಟರೆ ಪಲ್ಯ. ಬೇಯುವಾಗ ಪೊಟ್ಯಾಸಿಯಂನ ಒಂದು ಪಾಲು ನೀರಿಗೆ ಇಳಿಯುತ್ತದೆ. ನೀರಿನಲ್ಲಿ ಕರಗುವ ಫೋಲೇಟ್‌ನಂಥ ಜೀವಸತ್ವವೂ ಇಳಿಯುತ್ತದೆ. ಬಸುರಿ ಸೊಸೆಗೆ ಕಟ್ಟಿನ ಸಾರು ಸಲ್ಲುತ್ತದೆ, ನಿಂಬೆ ಹಿಂಡಿದ ಸೊಪ್ಪಿನ ಪಲ್ಯವೂ ಸಲ್ಲುತ್ತದೆ, ಏಕೆಂದರೆ ಹುಳಿ ಸೇರಿದರೆ ಸೊಪ್ಪಿನ ಕಬ್ಬಿಣ ಚೆನ್ನಾಗಿ ಮೈಗೆ ಹತ್ತುತ್ತದೆ. ಪೊಟ್ಯಾಸಿಯಂ ಮಿತಿಯಿರುವ ಅಜ್ಜಿಗೆ ಸಾರು ಬೇಡ. ಬಸಿದ ಪಲ್ಯ, ಅದೂ ಆಹಾರ ತಜ್ಞರು ಹೇಳಿದಷ್ಟು. ಒಂದೇ ಪಾತ್ರೆಯಲ್ಲಿ ಬೆಂದದ್ದು ಬಸಿಯುವ ಹೊತ್ತಿಗೆ ಇಬ್ಬರ ಊಟವಾಗಿ ಕವಲೊಡೆಯಿತು. ಕುಕ್ಕರಿನಲ್ಲಿ ಅಳತೆ ನೀರಿಟ್ಟು ಕೂಗಿಸಿದರೆ ಈ ಅನುಕೂಲವಿಲ್ಲ. ಇನ್ನೊಂದು ಮಾತು: ಕಿಡ್ನಿಯವರಿಗೆ ಬೇಳೆಕಾಳು ಎಷ್ಟು ಎಂಬುದು ರೋಗದ ಹಂತದ ಮೇಲಿದೆ. ಡಯಾಲಿಸಿಸ್‌ಗೆ ಮುಂಚೆ ಪ್ರೋಟೀನ್ ಕಡಿಮೆ ಮಾಡಿಸುವವರೇ, ಡಯಾಲಿಸಿಸ್ ಶುರುವಾದ ಮೇಲೆ ಹೆಚ್ಚು ತಿನ್ನಿ ಎನ್ನುತ್ತಾರೆ. ಪಕ್ಕದ ಮನೆಯವರ ಪಟ್ಟಿಯನ್ನು ತಂದು ಪಾಲಿಸುವ ವಿಷಯವಲ್ಲ ಇದು.

ಸಕ್ಕರೆ ಕಾಯಿಲೆಯವರಿಗೆ ಬೇರೆ ಅಡುಗೆಯೇ ಬೇಕಿಲ್ಲ. ಅವರ ತಟ್ಟೆ ಮನೆಯವರೆಲ್ಲರ ತಟ್ಟೆಯಾದರೆ ಎಲ್ಲರಿಗೂ ಲಾಭ. ಅರ್ಧ ತಟ್ಟೆ ಪಲ್ಯ, ಕೋಸಂಬರಿ; ಕಾಲು ಭಾಗ ಕಾಳು, ಬೇಳೆ, ತಿನ್ನುವವರಿಗೆ ಮೊಟ್ಟೆ ಅಥವಾ ಮೀನು; ಉಳಿದ ಕಾಲು ಭಾಗದಲ್ಲಿ ಅನ್ನವೋ ಮುದ್ದೆಯೋ ರೊಟ್ಟಿಯೋ. ರಾಗಿಯ ಬಗ್ಗೆ ಮಾತ್ರ ಒಂದು ತಪ್ಪು ನಂಬಿಕೆ ಬಲವಾಗಿ ಬೇರೂರಿದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ, ಹಾಲಿನದಕ್ಕಿಂತ ಹೆಚ್ಚು. ಹಾಲು ಒಗ್ಗದ ಮಗುವಿಗೆ ಅದು ದೊಡ್ಡ ಆಸರೆ. ಆದರೆ ರಾಗಿಯಲ್ಲಿ ಪಿಷ್ಟವೂ ಧಾರಾಳವಾಗಿದೆ. ಎರಡು ದೊಡ್ಡ ಮುದ್ದೆ ನುಂಗಿದರೆ, ನುಣ್ಣನೆ ಹಿಟ್ಟಿನ ಗಂಜಿ ಲೋಟಗಟ್ಟಲೆ ಕುಡಿದರೆ ಸಕ್ಕರೆ ಏರಿಯೇ ಏರುತ್ತದೆ. ಮುದ್ದೆ ಚಿಕ್ಕದಾಗಲಿ, ಪಕ್ಕದ ಸೊಪ್ಪು ದೊಡ್ಡದಾಗಲಿ.

ಇವೆಲ್ಲ ಹೆಚ್ಚುಕಡಿಮೆಯ ಪ್ರಶ್ನೆಗಳು. ಸೀಲಿಯಾಕ್ ಕಾಯಿಲೆ ಹಾಗಲ್ಲ. ಅದರಲ್ಲಿ ಗೋಧಿ ಚೂರೂ ಸೇರಬಾರದು. ಈ ವಿಷಯದಲ್ಲಿ ನಮ್ಮ ಅಡುಗೆ ಪುಣ್ಯವಂತ: ಇಡ್ಲಿ, ದೋಸೆ, ನೀರುದೋಸೆ, ಅಕ್ಕಿರೊಟ್ಟಿ, ಜೋಳದ ರೊಟ್ಟಿ, ಮುದ್ದೆ ಎಲ್ಲವೂ ಗೋಧಿಯಿಲ್ಲದವು. ಗೋಧಿ ನುಸುಳುವುದು ಕಾಣದ ದಾರಿಗಳಲ್ಲಿ. ಡಬ್ಬಿಯ ಇಂಗಿನಲ್ಲಿ ಬಹಳ ಸಲ ಮೈದಾ ಬೆರೆತಿರುತ್ತದೆ, ಹಾಗಾಗಿ ಒಂದು ಚಿಟಿಕೆ ಒಗ್ಗರಣೆಯೇ ತೊಂದರೆ ಕೊಡಬಹುದು. ಹಿಟ್ಟಿನ ಗಿರಣಿಯಲ್ಲಿ ನಿಮ್ಮ ಜೋಳಕ್ಕಿಂತ ಮುಂಚೆ ಯಾರದೋ ಗೋಧಿ ಬೀಸಿರುತ್ತಾರೆ. ಪೂರಿ ಕರಿದ ಎಣ್ಣೆಯಲ್ಲೇ ಹಪ್ಪಳ ಕರಿಯುತ್ತೇವೆ. ಇಂಥ ಮನೆಯಲ್ಲಿ ಗೋಧಿ ಸೇರದ ಇಂಗು, ಬೇರೆ ಲಟ್ಟಣಿಗೆ, ಮನೆಯಲ್ಲೇ ಬೀಸಿದ ಹಿಟ್ಟು ಬೇಕೇ ಬೇಕು. ‘ಒಂದು ದಿನ ತಿಂದರೆ ಏನಾಗುತ್ತದೆ’ ಎಂಬ ಮಾತು ಸೀಲಿಯಾಕ್ ಇರುವವರ ಕರುಳಿಗೆ ಅನ್ವಯಿಸುವುದಿಲ್ಲ.

ಆ ಮಾತು ಗಾದೆಯ ಎರಡನೆಯ ಅರ್ಧವನ್ನು ಎದುರಿಗೆ ತಂದು ನಿಲ್ಲಿಸುತ್ತದೆ. ನೋಟ ಮಾತ್ರ ಪರರಿಚ್ಛೆಯಾಗಿರಬೇಕಿತ್ತು. ನಾವು ಊಟವನ್ನೂ ಪರರಿಚ್ಛೆ ಮಾಡಿದ್ದೇವೆ. ಮದುವೆ ಮನೆಯ ಪಂಕ್ತಿಯಲ್ಲಿ ಎಲೆಗೆ ಅಡ್ಡ ಹಿಡಿದ ಕೈಯನ್ನು ಸರಿಸಿ ಜಿಲೇಬಿ ಹಾಕುವುದನ್ನು ಉಪಚಾರ ಎನ್ನುತ್ತೇವೆ. ಬೇಡ ಎಂದವರಿಗೆ ಬಡಿಸದಿರುವುದೂ ಉಪಚಾರವೇ. ಅವರಿಗೆ ಸಲ್ಲುವ ಒಂದು ಪದಾರ್ಥವನ್ನು ಮೊದಲೇ ಕೇಳಿ ಮಾಡಿಟ್ಟರೆ ಅದಕ್ಕಿಂತ ದೊಡ್ಡ ಆದರವಿಲ್ಲ.

ಇನ್ನು ಒಬ್ಬರ ಇಚ್ಛೆ ಉಳಿಯಿತು: ಸೌಟು ಹಿಡಿದವರದು. ಐವರ ಪಥ್ಯ ನೆನಪಿಟ್ಟುಕೊಂಡು, ಎಲ್ಲರಿಗೂ ಬಡಿಸಿ, ತಳದಲ್ಲಿ ಉಳಿದ ತಿಳಿಸಾರಿನಲ್ಲಿ ಅನ್ನ ಕಲಸಿ ಉಣ್ಣುವಾಕೆಯ ತಟ್ಟೆಯಲ್ಲಿ ಪಲ್ಯ ಎಷ್ಟಿದೆ, ಕಾಳು ಎಷ್ಟಿದೆ ಎಂದು ಕೇಳುವವರು ಕಡಿಮೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ 57 ಮಂದಿಗೆ ರಕ್ತಹೀನತೆ ಕಂಡಿತು. ಎಲ್ಲರ ಪಾಲು ತೆಗೆದಿಡುವಾಗ ಆಕೆಯ ಪಾಲನ್ನೂ ಮೊದಲೇ ತೆಗೆದಿಡಬೇಕು, ತೆಗೆದಿಡುವ ಕೆಲಸ ಮನೆಯ ಉಳಿದವರದಾಗಬೇಕು. ಬಿ.ಪಿ. ಇರುವ ಮಗ ತನ್ನ ಉಪ್ಪಿನ ಲೆಕ್ಕವನ್ನು ತಾನೇ ಕಲಿಯಲಿ, ಅಪ್ಪ ಕೋಸಂಬರಿಗೆ ಸೌತೆಕಾಯಿ ಹೆಚ್ಚಿಕೊಡಲಿ.

ಈ ತಿಂಗಳು ಮನೆಯವರ ಸಕ್ಕರೆ, ಬಿ.ಪಿ. ಪರೀಕ್ಷೆಗೆ ಹೋದಾಗ ಅಡುಗೆ ಮಾಡುವ ಆಕೆಯನ್ನೂ ಕರೆದುಕೊಂಡು ಹೋಗಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. 12 ಗ್ರಾಂಗಿಂತ ಕಡಿಮೆ ಬಂದರೆ ಅದು ರಕ್ತಹೀನತೆ. ವೈದ್ಯರ ಸಲಹೆ ಆಕೆಗೂ ಬೇಕು.