ಸಂಜೆ ಏಳರ ಕರೆಂಟು

2017ರ ಮೇ ತಿಂಗಳಲ್ಲಿ ರಾಜಸ್ಥಾನದ ಭಡ್ಲಾ ಸೋಲಾರ್ ಪಾರ್ಕಿನ ಹರಾಜಿನಲ್ಲಿ ಯೂನಿಟ್ಟಿಗೆ 2 ರೂಪಾಯಿ 44 ಪೈಸೆಯ ದರ ಬಂತು. ಕಲ್ಲಿದ್ದಲಿಗಿಂತ ಬಿಸಿಲೇ ಅಗ್ಗ ಎಂಬ ಮಾತು ಹಬ್ಬಿತು. ಸುಳ್ಳಲ್ಲ. ಆದರೆ ಅದು ಬಿಸಿಲಿರುವ ಹೊತ್ತಿನ ದರ. ಸಂಜೆ ಏಳಕ್ಕೆ ಮನೆಮನೆಯ ದೀಪ ಹೊತ್ತುವಾಗ ಬೇಕಾಗುವುದು ಬ್ಯಾಟರಿ, ಇಲ್ಲವೇ ಅಣೆಕಟ್ಟಿನ ನೀರು, ಇಲ್ಲವೇ ರಾಯಚೂರಿನ ಕಲ್ಲಿದ್ದಲು. ಆ ಖರ್ಚು ಹರಾಜಿನ ದರದಲ್ಲಿ ಇರುವುದಿಲ್ಲ.

ಹಾಗೆಂದು ಕಲ್ಲಿದ್ದಲಿನ ಲೆಕ್ಕವೇನೂ ನೇರವಲ್ಲ. ಹಾರುಬೂದಿಯಿಂದ ಕೆಟ್ಟ ಶ್ವಾಸಕೋಶದ ಚಿಕಿತ್ಸೆಯ ಖರ್ಚು ಯಾವ ಕರೆಂಟು ಬಿಲ್ಲಿನಲ್ಲೂ ಕಾಣುವುದಿಲ್ಲ. ಕೈಗಾದ ಅಣುಸ್ಥಾವರ ಇರುಳಲ್ಲೂ ಹೊಗೆಯಿಲ್ಲದೆ ನಡೆಯುತ್ತದೆ. ಅದರ ತ್ಯಾಜ್ಯ ಕಾಯುವವರು ಇನ್ನೂ ಹುಟ್ಟಿಲ್ಲ.

ನನ್ನನ್ನು ಹೆಚ್ಚು ಕಾಡುವುದು ಶರಾವತಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದು ನಾಡಿಗೆ ಅಗ್ಗದ ಕರೆಂಟು ಸಿಕ್ಕಿತು. ಗದ್ದೆ, ತೋಟ, ದೇವಸ್ಥಾನಗಳನ್ನು ನೀರಿಗೆ ಬಿಟ್ಟುಬಂದ ಮುಳುಗಡೆಯವರ ಮೊಮ್ಮಕ್ಕಳು ಇಂದಿಗೂ ಹಕ್ಕುಪತ್ರಕ್ಕಾಗಿ ಕಚೇರಿ ಅಲೆಯುತ್ತಿದ್ದಾರೆ. ಅವರಿಗೆ ಸಲ್ಲಬೇಕಾದದ್ದನ್ನು ಕೊಡದೆ ಉಳಿಸಿಕೊಂಡದ್ದೂ ಆ ಅಗ್ಗದಲ್ಲಿ ಸೇರಿದೆ.

ಈಗ ಅದೇ ಕಣಿವೆಗೆ 2,000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಯೋಜನೆ ಬಂದಿದೆ. ಬಿಸಿಲ ಕರೆಂಟು ಹೆಚ್ಚಿರುವಾಗ ಕೆಳಗಿನ ಗೇರುಸೊಪ್ಪೆ ಜಲಾಶಯದ ನೀರನ್ನು ಮೇಲಿನ ತಲಕಳಲೆ ಜಲಾಶಯಕ್ಕೆ ಎತ್ತುವುದು, ಸಂಜೆ ಕೆಳಗೆ ಬಿಡುವುದು. ನಾಲ್ಕು ಯೂನಿಟ್ ಸುಟ್ಟು ಎತ್ತಿದರೆ ಮರಳುವುದು ಸುಮಾರು ಮೂರು. ನಡುವೆ ಇರುವುದು ಸಿಂಗಳೀಕಗಳ ಅಭಯಾರಣ್ಯ. ಪಾವಗಡದ ಸೋಲಾರ್ ಪಾರ್ಕಿನ ಬಿಸಿಲು ಅಗ್ಗವಾಗಿ ಕಾಣುವುದಕ್ಕೆ ಈ ಕಾಡು ಇನ್ನೊಮ್ಮೆ ಬೆಲೆ ತೆರಬೇಕೆ?

ಪಾವಗಡದಲ್ಲಿ ಒಂದು ಒಳ್ಳೆಯ ಕೆಲಸ ಆಗಿದೆ. ಹೊಲಗಳನ್ನು ಕಿತ್ತುಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಪಡೆದರು. ಪಹಣಿ ರೈತನ ಹೆಸರಿನಲ್ಲೇ ಉಳಿಯಿತು. ಶರಾವತಿಯವರಿಗೆ ಈ ಭಾಗ್ಯವಿರಲಿಲ್ಲ. ಆದರೂ ಆ ಹೊಲಗಳ ಕೂಲಿಯನ್ನೇ ನೆಚ್ಚಿದ್ದ ಭೂಮಿಯಿಲ್ಲದವರಿಗೆ ಗುತ್ತಿಗೆ ಹಣ ಬರುವುದಿಲ್ಲ.

ಹೊಗೆ ನಿಲ್ಲಲೇಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಕಾಡು ಕಡಿಯುವ ಮುನ್ನ ಹಗಲಿನ ಕರೆಂಟನ್ನು ಹಗಲಲ್ಲೇ ಬಳಸೋಣ. ಪಂಪ್‌ಸೆಟ್ಟಿಗೆ ಬಿಸಿಲಿರುವಾಗಲೇ ತ್ರೀ ಫೇಸ್ ಕೊಟ್ಟರೆ ರೈತ ನಡುರಾತ್ರಿ ಹಾವಿನ ಭಯದಲ್ಲಿ ನೀರು ಕಟ್ಟಬೇಕಿಲ್ಲ. ಉಳಿದದ್ದಕ್ಕೆ ಪೇಟೆಯ ಸಬ್‌ಸ್ಟೇಷನ್ ಪಕ್ಕದಲ್ಲೇ ಬ್ಯಾಟರಿ ಇಡಲಿ. ಯೂನಿಟ್ಟಿಗೆ ಕೆಲವು ಪೈಸೆ ಏರಿದರೆ, ಸಂಜೆ ಸ್ವಿಚ್ ಒತ್ತುವ ನಾವೇ ಕೊಡೋಣ.